ಕೆರೆಗೆ ಯಾವಾಗ, ಕಾಡಿಗೆ ಯಾವಾಗ

ದಾವಣಗೆರೆಯವರು ಕಾಡು ನೋಡಬೇಕೆಂದರೆ ಶಿವಮೊಗ್ಗದ ಬಸ್ ಹತ್ತುತ್ತಾರೆ, ಹಕ್ಕಿ ನೋಡಬೇಕೆಂದರೆ ರಂಗನತಿಟ್ಟಿನ ಮಾತೆತ್ತುತ್ತಾರೆ. ಊರ ಸುತ್ತ ಇರುವುದೆಲ್ಲ ಬಿಸಿಲು, ಜಾಲಿ, ಮೆಕ್ಕೆಜೋಳದ ಹೊಲ ಎಂದುಕೊಂಡವರೇ ಹೆಚ್ಚು. ಆದರೆ ಹದಿನೈದು ಕಿಲೋಮೀಟರಿನ ಆಚೀಚೆಯಲ್ಲೇ ಗುಡ್ಡ, ಕುರುಚಲು ಕಾಡು, ಕೆರೆ ಮೂರೂ ಒಂದೇ ಕಡೆ ಸಿಗುವ ಕೊಂಡಜ್ಜಿ ಇದೆ. ಊರಿಗೆ ಅಂಟಿಕೊಂಡೇ ಕುಂದುವಾಡ ಕೆರೆ ಇದೆ. ಹರಿಹರಕ್ಕೆ ಹೋಗುವ ದಾರಿಯಲ್ಲಿ ಬಾತಿ ಕೆರೆ, ಮಲೇಬೆನ್ನೂರಿನ ಕಡೆ ದೇವರಬೆಳಕೆರೆ ಪಿಕಪ್, ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರ ಅಂದರೆ ನಮ್ಮ ಸೂಳೆಕೆರೆ, ಜಗಳೂರು ತಾಲ್ಲೂಕಿನಲ್ಲಿ ಕೊಂಡುಕುರಿಗೆಂದೇ ಮೀಸಲಾದ ರಂಗಯ್ಯನದುರ್ಗ ವನ್ಯಜೀವಿ ಧಾಮ. ಹರಿಹರದಲ್ಲಿ ಹೊಳೆ ದಾಟಿ ಮುಂದೆ ಹೋದರೆ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ.

ಜಾಗಕ್ಕೆ ಕೊರತೆಯಿಲ್ಲ; ಎಡವಟ್ಟಾಗುವುದು ಹೊತ್ತಿನ ಲೆಕ್ಕದಲ್ಲಿ. ದಸರಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮಟಮಟ ಮಧ್ಯಾಹ್ನ ಕೊಂಡಜ್ಜಿಗೆ ಹೋದವರು ತುಂಬಿದ ಕೆರೆಯನ್ನೂ ನಾಲ್ಕು ನೀರುಕಾಗೆಗಳನ್ನೂ ನೋಡಿ, ಖಾರ ಮಂಡಕ್ಕಿ ತಿಂದು, ‘ಏನೂ ಇಲ್ಲ ಬಿಡ್ರೀ ಅಲ್ಲಿ’ ಎನ್ನುತ್ತ ವಾಪಸಾಗುತ್ತಾರೆ. ಅದೇ ಕೆರೆಗೆ ಜನವರಿಯ ಬೆಳಿಗ್ಗೆ ಏಳಕ್ಕೆ ಹೋದವರ ವರದಿಯೇ ಬೇರೆ. ಈ ವ್ಯತ್ಯಾಸ ಬರೀ ಅದೃಷ್ಟದ್ದಲ್ಲ. ಅದಕ್ಕೊಂದು ಲೆಕ್ಕವಿದೆ, ಯಾರು ಬೇಕಾದರೂ ಕಲಿಯಬಹುದು.

ಮೊದಲು ತಿಳಿಯಬೇಕಾದ್ದು ಇಷ್ಟು: ಈ ಸೀಮೆಯಲ್ಲಿ ಕಾಡಿಗೂ ನೀರಿಗೂ ಒಂದೇ ಪಂಚಾಂಗವಿಲ್ಲ. ಕಾಡು ನಡೆಯುವುದು ಮಳೆಯ ಮೇಲೆ. ಕೆರೆ, ಗದ್ದೆ, ಹೊಳೆ ಬಹುಪಾಲು ನಡೆಯುವುದು ಲಕ್ಕವಳ್ಳಿಯ ಮೇಲೆ.

ಮಳೆಯ ಲೆಕ್ಕ ನೋಡೋಣ. ಘಟ್ಟದ ಮಳೆ ನೆರಳಿಗೆ ಬರುವ ನಾಡು ಇದು. ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಚನ್ನಗಿರಿ ಕಡೆ ಹೆಚ್ಚು, ಜಗಳೂರು ಕಡೆ ಇನ್ನೂ ಕಡಿಮೆ. ಆಗುಂಬೆಯಲ್ಲಿ ಆರಿದ್ರೆ, ಪುಷ್ಯ ಅಬ್ಬರಿಸುವಾಗ ನಮ್ಮಲ್ಲಿ ಗಾಳಿಯದೇ ದರ್ಬಾರು, ನಡುನಡುವೆ ಸೋನೆ. ಏಪ್ರಿಲ್ ನಡುವಿನಿಂದ ಮೇ ಕೊನೆಯ ತನಕ ಗುಡುಗು ಸಿಡಿಲಿನ ಅಡ್ಡಮಳೆ ಒಂದಷ್ಟು ಬರುತ್ತದೆ. ನಿಜವಾದ ಹದ ಮಳೆಯನ್ನು ಸೆಪ್ಟೆಂಬರ್, ಅಕ್ಟೋಬರ್ ತಂದುಕೊಡುತ್ತವೆ. ಉತ್ತರೆ, ಹಸ್ತ, ಚಿತ್ತೆಗಳ ಕಾಲ ಅದು. ಆದ್ದರಿಂದ ಇಲ್ಲಿನ ಕುರುಚಲು ಕಾಡು ಪೂರ್ತಿ ಹಸಿರಾಗಿ ಕಾಣುವುದು ಜುಲೈನಲ್ಲಲ್ಲ, ಗಣಪತಿ ಹಬ್ಬ ಮುಗಿದ ಮೇಲೆ.

ಇನ್ನು ಲಕ್ಕವಳ್ಳಿ. ತರೀಕೆರೆ ತಾಲ್ಲೂಕಿನ ಅಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು 186 ಅಡಿಗೆ ತುಂಬುತ್ತದೆ, ಹಿಡಿಯುವುದು 71.5 ಟಿಎಂಸಿ. ಅಲ್ಲಿಂದ ಹೊರಟ ಬಲದಂಡೆ ನಾಲೆಯ ನೀರು ಭದ್ರಾವತಿ, ಚನ್ನಗಿರಿಗಳನ್ನು ಹಾದು ಕೊನೆಗೆ ದಾವಣಗೆರೆ, ಹರಿಹರ ತಾಲ್ಲೂಕುಗಳಿಗೆ ತಲುಪುತ್ತದೆ. ನಾವು ನಾಲೆಯ ಕೊನೆಭಾಗದವರು. ಮುಂಗಾರು ಬೆಳೆಗೆ ಸಾಮಾನ್ಯವಾಗಿ ಜುಲೈ–ಆಗಸ್ಟಿನಲ್ಲಿ ಬಿಟ್ಟ ನೀರು ನವೆಂಬರಿನ ತನಕ. ಬೇಸಿಗೆ ಬೆಳೆಗೆ ಜನವರಿಯಿಂದ ಮೇ ತನಕ. ಎಷ್ಟು ದಿನ, ಯಾವಾಗಿನಿಂದ ಎಂಬುದನ್ನು ನೀರಾವರಿ ಸಲಹಾ ಸಮಿತಿಯ ಸಭೆ ತೀರ್ಮಾನಿಸುತ್ತದೆ. ಆ ಸಭೆಯ ಸುದ್ದಿಯನ್ನು ರೈತರಷ್ಟೇ ಗಮನವಿಟ್ಟು ಓದಬೇಕಾದವರು ಹಕ್ಕಿ ನೋಡುವವರು ಎಂದು ನನಗೆ ಬಹಳ ಸಲ ಅನ್ನಿಸಿದೆ. 2023ರ ಬರದಲ್ಲಿ ಜಲಾಶಯ ತುಂಬದೆ, ಮುಂಗಾರು ಬೆಳೆಗೇ ‘ಆನ್ ಅಂಡ್ ಆಫ್’, ಅಂದರೆ ನಾಲೆಯಲ್ಲಿ ಕೆಲವು ದಿನ ನೀರು, ಕೆಲವು ದಿನ ಬಂದ್ ಎಂದಾಗ ದಾವಣಗೆರೆಯ ರೈತರು ರಸ್ತೆಗಿಳಿದಿದ್ದರು. ಮುಂದಿನ ಬೇಸಿಗೆಯಲ್ಲಿ ಭತ್ತಕ್ಕೆ ನೀರೇ ಇರಲಿಲ್ಲ. ಗದ್ದೆಯಲ್ಲಿ ನೀರಿಲ್ಲದಿದ್ದರೆ ಗದ್ದೆಯ ಹಕ್ಕಿಯೂ ಇಲ್ಲ.

ಈಚೆಗೆ ಮೂರನೆಯದೊಂದೂ ಸೇರಿಕೊಂಡಿದೆ: ಪಂಪು. ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರೆಯಿಂದ ನೀರೆತ್ತಿ 22 ಕೆರೆ ತುಂಬಿಸುವ ಯೋಜನೆ, ದೀಟೂರಿನ ಬಳಿ ಎತ್ತಿ ಜಗಳೂರು ಸೀಮೆಯ 57 ಕೆರೆ ತುಂಬಿಸುವ ಯೋಜನೆ ಬಂದಿವೆ. ತಲೆಮಾರಿನಿಂದ ಒಣಗಿ ಜಾಲಿ ಬೆಳೆದಿದ್ದ ಕೆರೆಯಂಗಳಕ್ಕೆ ಮಳೆಯಿಲ್ಲದ ತಿಂಗಳಲ್ಲಿ ನೀರು ಬಂದು ನಿಲ್ಲುವುದನ್ನು ಕಂಡವರಿಗೆ ಹಳೆಯ ಋತುಮಾನದ ಲೆಕ್ಕ ತಲೆಕೆಳಗಾಗಿದ್ದು ಗೊತ್ತಿರುತ್ತದೆ. ಹಾಗಾಗಿ ಯಾವುದೇ ಕೆರೆಗೆ ಹೊರಡುವ ಮುಂಚೆ ಕೇಳಬೇಕಾದ ಪ್ರಶ್ನೆ ‘ಮಳೆ ಆಯ್ತಾ?’ ಎಂದಲ್ಲ, ‘ನೀರು ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ?’ ಎಂದು.

ಬಿಸಿಲಲ್ಲಿ ಬರುವ ಪ್ರವಾಹ

ಎರಡು ಪಂಚಾಂಗದ ಮಾತನ್ನು ಕಣ್ಣಾರೆ ಕಾಣಬೇಕಾದರೆ ಜುಲೈ ಕೊನೆಯಲ್ಲಿ ಹರಿಹರದ ಹೊಳೆದಂಡೆಗೆ ಹೋಗಿ. ಆಕಾಶದಲ್ಲಿ ಚೂರು ಮೋಡ, ನೆಲ ಒಣ ಒಣ. ಹೊಳೆ ಮಾತ್ರ ಕೆಂಪಾಗಿ ಎರಡೂ ದಡ ಮುಟ್ಟಿ ಹರಿಯುತ್ತಿರುತ್ತದೆ. ತೀರ್ಥಹಳ್ಳಿ, ಶೃಂಗೇರಿಗಳಲ್ಲಿ ಬಿದ್ದ ಮಳೆ ತುಂಗೆಯಲ್ಲಿ ಇಳಿದು ಬಂದಿರುತ್ತದೆ. ಭದ್ರಾ ತುಂಬಿದ ವರ್ಷವಾದರೆ ಅದರ ಕ್ರಸ್ಟ್ ಗೇಟಿನ ನೀರೂ ಕೂಡಲಿಯಲ್ಲಿ ಸೇರಿಕೊಳ್ಳುತ್ತದೆ. ಹರಿಹರದ ಗಂಗಾನಗರಕ್ಕೆ ನೀರು ನುಗ್ಗುವುದು, ಉಕ್ಕಡಗಾತ್ರಿಯ ದಾರಿ ಮುಳುಗುವುದು ಇಂಥ ದಿನಗಳಲ್ಲೇ. ಆಗ ಹೊಳೆಯಲ್ಲಿ ಹಕ್ಕಿ ಹುಡುಕಬೇಡಿ, ಇಳಿಯಲಂತೂ ಇಳಿಯಬೇಡಿ. ಕದಡಿದ, ಓಡುವ, ಆಳದ ನೀರಲ್ಲಿ ಮೀನು ಕಾಣಿಸುವುದಿಲ್ಲ. ಮಿಂಚುಳ್ಳಿಯೂ ರೀವವೂ ತಿಳಿನೀರಿನ ಕಾಲುವೆ, ಕೆರೆಗಳ ಕಡೆ ಹೋಗಿರುತ್ತವೆ.

ಅದೇ ತಿಂಗಳಲ್ಲಿ ಹೊಲದ ಬದುವಿನ ಕಡೆ ತಿರುಗಿದರೆ ಬೇಕಾದಷ್ಟು ಇದೆ. ಈಚಲು ಮರದ ಗರಿಗೆ, ಬಾವಿಯ ಮೇಲೆ ಬಾಗಿದ ಜಾಲಿ ಟೊಂಗೆಗೆ ಗೀಜುಗ ಗೂಡು ಕಟ್ಟುವ ಕಾಲ. ಗಂಡು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದ ಮೇಲೆ ಉಳಿದರ್ಧ. ಒಪ್ಪದ ಗೂಡುಗಳು ಹಾಗೇ ತೂಗುತ್ತಿರುತ್ತವೆ. ನೀರಿನ ಮೇಲೆ, ಮುಳ್ಳಿನ ನಡುವೆ ಕಟ್ಟುವುದು ಹಾವಿಗೆ ಸುಲಭವಾಗಿ ಸಿಗಬಾರದೆಂದು. ಕೊಂಡಜ್ಜಿಯ ಗುಡ್ಡದ ಅಂಚಿನಲ್ಲಿ ನವಿಲಿನ ಕೂಗು ಜೋರಾಗುವುದೂ ಈ ಹೊತ್ತಿನಲ್ಲೇ. ಗಂಡುನವಿಲು ಗರಿಯೆಲ್ಲ ಉದುರಿಸಿಕೊಂಡ ಮೇಲೆ, ಅಂದರೆ ಅಕ್ಟೋಬರಿನಲ್ಲಿ, ಕುಣಿತ ನೋಡಲು ಹೋಗುವವರು ಬೋಳು ಬಾಲವನ್ನಷ್ಟೇ ನೋಡಿ ಬರುತ್ತಾರೆ.

ಏರಿಯ ಮೇಲೆ ನಿಲ್ಲಬೇಡಿ

ಕೆರೆಗೆ ಹೋದವರು ನಿಲ್ಲುವುದು ಏರಿಯ ಮೇಲೆ. ರಸ್ತೆ ಅಲ್ಲಿಗೇ ಬರುತ್ತದೆ, ಗುಡಿ ಅಲ್ಲಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ತೂಬಿರುವ ಏರಿಯ ಬುಡವೇ ಕೆರೆಯ ಅತಿ ಆಳದ ಜಾಗ. ನೀರು ಒಳಬರುವ ಎದುರು ದಿಕ್ಕಿನ ಅಂಚು ಮೊಳಕಾಲುದ್ದ, ಹಿಮ್ಮಡಿಯುದ್ದ, ಕೊನೆಗೆ ಬರೀ ಕೆಸರು. ಹಕ್ಕಿಯ ಊಟವೆಲ್ಲ ಅಲ್ಲಿ.

ಯಾಕೆಂದರೆ ನೀರಿನ ಆಳವೇ ಯಾರು ಎಲ್ಲಿ ಉಣ್ಣಬೇಕೆಂದು ತೀರ್ಮಾನಿಸುತ್ತದೆ. ನೀರುಕಾಗೆ, ಹಾವಕ್ಕಿ, ಗುಳುಮುಳುಕ ಮುಳುಗಿ ಹಿಡಿಯುವವು, ಅವಕ್ಕೆ ಆಳ ಬೇಕು. ಸೂಜಿಬಾಲದ ಬಾತು, ವರಟೆಯಂಥವು ಪೂರ್ತಿ ಮುಳುಗುವುದಿಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ ತಳದ ಬೀಜ, ಗೆಡ್ಡೆ, ಹುಳ ಕೀಳುತ್ತವೆ. ಒಂದಡಿಗಿಂತ ಆಳ ಹೆಚ್ಚಾದರೆ ಅವುಗಳ ಕೊಕ್ಕು ತಳ ಮುಟ್ಟುವುದಿಲ್ಲ. ಬಣ್ಣದ ಕೊಕ್ಕರೆ ಕಾಲುದ್ದದ ನೀರಲ್ಲಿ ಕೊಕ್ಕು ಅರ್ಧ ತೆರೆದು ಆಡಿಸುತ್ತ ನಡೆಯುತ್ತದೆ, ಮೀನು ತಗುಲಿದ ತಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಗೊರವಗಳಿಗೆ ಬೆರಳುದ್ದದ ನೀರು, ಮೆತ್ತನೆಯ ಕೆಸರು ಸಾಕು. ಕೊಕ್ಕಿನ ಉದ್ದಕ್ಕೆ ತಕ್ಕಂತೆ ಒಂದೊಂದು ಜಾತಿ ಕೆಸರಿನ ಒಂದೊಂದು ಪದರದಿಂದ ಹುಳ ಎತ್ತುತ್ತದೆ.

ತುಂಬಿದ ಕೆರೆಯಲ್ಲಿ ಹಕ್ಕಿ ಯಾಕೆ ಕಡಿಮೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಅಕ್ಟೋಬರಿನಲ್ಲಿ ಕೋಡಿ ಬಿದ್ದ ಕೆರೆ ನೋಡಲು ಚೆಂದ. ಬಾತಿಗೆ, ಗೊರವಕ್ಕೆ ಅದು ಬಾಗಿಲು ಹಾಕಿದ ಹೋಟೆಲು. ನವೆಂಬರಿನಿಂದ ತೂಬಿನ ನೀರು, ಆವಿಯಾದ ನೀರು ಸೇರಿ ಮಟ್ಟ ಇಳಿಯತೊಡಗಿದಂತೆ ದಿನಕ್ಕೊಂದಿಷ್ಟು ಹೊಸ ಕೆಸರು ತೆರೆದುಕೊಳ್ಳುತ್ತದೆ. ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಬಂದ ಬಾತು, ಗೊರವ, ಸಿಪಿಲೆಗಳಿಗೆ ಬೇಕಾದ್ದು ಅದೇ. ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯ ತನಕ ಈ ಸುತ್ತಿನ ಯಾವ ಕೆರೆಗೆ ಹೋದರೂ ನಷ್ಟವಿಲ್ಲ. ಮಾರ್ಚಿನಲ್ಲಿ ವಲಸೆಯವು ಹೊರಡುತ್ತವೆ.

ಕುಂದುವಾಡ ಕೆರೆಯ ಕಥೆ ಸ್ವಲ್ಪ ಬೇರೆ. ಅದು ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಟಿ.ವಿ. ಸ್ಟೇಷನ್ ಕೆರೆಯೂ ಹಾಗೆಯೇ. ಭದ್ರಾ ನಾಲೆಯಲ್ಲಿ ನೀರಿದ್ದಾಗ ತುಂಬಿಸಿಕೊಂಡು, ನಾಲೆ ನಿಂತಾಗ ಬಳಸುತ್ತಾರೆ. ಆದ್ದರಿಂದ ಅದರ ಮಟ್ಟ ಮಳೆಯನ್ನಲ್ಲ, ನಾಲೆಯ ಸರದಿಯನ್ನು ಹಿಂಬಾಲಿಸುತ್ತದೆ. ಬೆಳಗಿನ ನಡಿಗೆಯವರ ಕಾಲುದಾರಿ ಸುತ್ತ ಇರುವುದರಿಂದ ಹಕ್ಕಿಗಳು ಜನಕ್ಕೆ ಒಗ್ಗಿಕೊಂಡಿವೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಸುಲಭದ ಶಾಲೆ ಬೇರಿಲ್ಲ. ನಾಮದ ಕೋಳಿ, ವರಟೆ, ಬೆಳ್ಳಕ್ಕಿ, ನೀರುಕಾಗೆ, ಮೂರು ಬಗೆಯ ಮಿಂಚುಳ್ಳಿ ಇಷ್ಟನ್ನು ಗುರುತಿಸಲು ಇಲ್ಲೇ ಕಲಿತುಕೊಂಡರೆ ಮುಂದಿನದು ತಾನಾಗಿ ಬರುತ್ತದೆ. ಒಂದು ತಕರಾರು ಮಾತ್ರ ಹೇಳಲೇಬೇಕು. ಕೆರೆ ‘ಅಭಿವೃದ್ಧಿ’ ಎಂದರೆ ಅಂಚಿಗೆಲ್ಲ ಕಲ್ಲು ಜೋಡಿಸಿ ಕಡಿದಾಗಿಸುವುದು ಎಂಬ ಪದ್ಧತಿ ಎಲ್ಲ ಊರುಗಳಲ್ಲೂ ಬಂದುಬಿಟ್ಟಿದೆ. ನೀರು ಹಿಡಿಯುವ ಲೆಕ್ಕಕ್ಕೆ ಅದು ಸರಿಯಿರಬಹುದು. ಆದರೆ ಇಳಿಜಾರಿನ ಅಂಚು ಹೋಯಿತೆಂದರೆ ಹಿಮ್ಮಡಿಯುದ್ದದ ನೀರೂ ಹೋಯಿತು, ಗೊರವವೂ ಹೋಯಿತು.

ಸೂಳೆಕೆರೆಯ ಕಷ್ಟ ಅದರ ದೊಡ್ಡತನ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವಿನ ಕಿಂಡಿಯಲ್ಲಿ ಏರಿ ಹಾಕಿ ನಿಲ್ಲಿಸಿದ, ಸಾವಿರಾರು ಎಕರೆ ಹರಡಿದ ಕೆರೆ ಅದು. ಅದರ ನೀರು ಕೊನೆಗೆ ಹರಿಹರದ ಬಳಿ ತುಂಗಭದ್ರೆ ಸೇರುತ್ತದೆ. ಏರಿಯಿಂದ ನೋಡಿದರೆ ನೀರು, ಅಲೆ, ದೂರದಲ್ಲಿ ಕಪ್ಪು ಚುಕ್ಕೆಗಳು. ಬೈನಾಕ್ಯುಲರಿಗೂ ಅವು ಚುಕ್ಕೆಗಳೇ. ಸುತ್ತಿನ ಹಳ್ಳಿಗಳ ದಾರಿ ಹಿಡಿದು ಹಿಂಬದಿಯ ಅಂಚಿಗೆ ಹೋಗಬೇಕು, ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳಬೇಕು. ತೆಪ್ಪದಲ್ಲಿ ಬಲೆ ಬಿಡುವವರನ್ನು ಮಾತಾಡಿಸಿ. ಬಾತಿನ ಹಿಂಡು ಯಾವ ಮೂಲೆಯಲ್ಲಿ ಕೂತಿದೆ ಎಂಬುದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಚಿಕ್ಕ ಲೆಕ್ಕ: ಸೂರ್ಯ ಬೆನ್ನ ಹಿಂದಿರಬೇಕು. ಬೆಳಿಗ್ಗೆ ಕೆರೆಯ ಪೂರ್ವದ ದಡ, ಸಂಜೆ ಪಶ್ಚಿಮದ ದಡ. ಇದನ್ನು ಮರೆತು ಬಿಸಿಲಿಗೆದುರಾಗಿ ನಿಂತರೆ ಎಲ್ಲ ಹಕ್ಕಿಯೂ ಕರಿ ಹಕ್ಕಿಯೇ.

ಗದ್ದೆಯೂ ಕೆರೆಯೇ

ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಲ್ಲಿನ ಜೌಗುನೆಲದ ಮಾತು ಮುಗಿಯುವುದಿಲ್ಲ. ನಾಟಿಗೆ ಮುಂಚೆ ನೀರು ನಿಲ್ಲಿಸಿ ಟ್ರ್ಯಾಕ್ಟರಿನಲ್ಲಿ ಕೆಸರು ಕಲಸುವ ದಿನ ಹತ್ತಾರು ಎಕರೆ ಒಮ್ಮೆಲೇ ಗೊರವದ ಅಂಗಳವಾಗಿಬಿಡುತ್ತದೆ. ಟ್ರ್ಯಾಕ್ಟರಿನ ಹಿಂದೆಯೇ ಬೆಳ್ಳಕ್ಕಿ ಸಾಲು ಹೋಗುತ್ತದೆ. ಮಣ್ಣು ಮಗುಚಿದಾಗ ಎದ್ದ ಹುಳ, ಕಪ್ಪೆ, ಏಡಿಮರಿ ಅದರ ಪಾಲು. ಬಾಯ್ಕಳಕ ಕೊಕ್ಕರೆ ಬದುವಿನ ಪಕ್ಕ ನಿಂತು ನೀರಿನ ಬಸವನಹುಳು ಹೆಕ್ಕುತ್ತದೆ. ಅದರ ಕೊಕ್ಕು ನಡುವೆ ಸಂದು ಬಿಟ್ಟುಕೊಂಡಿರುವುದು ಆ ಜಾರುವ ಚಿಪ್ಪನ್ನು ಹಿಡಿಯಲು ಅನುಕೂಲವಾಗಲೆಂದು. ಕೆಂಬರಲು, ಟಿಟ್ಟಿಭ, ಗದ್ದೆ ಗೊರವ ಎಲ್ಲವೂ ಇದೇ ಸಂತೆಯವು. ಪೈರು ಮೊಳದೆತ್ತರ ಬಂದ ಮೇಲೆ ಒಳಗೆ ಯಾರಿದ್ದಾರೆಂದು ತಿಳಿಯುವುದಿಲ್ಲ. ಕೊಯ್ಲಾದ ಕೂಡಲೇ ಇನ್ನೊಂದು ಸುತ್ತು ನೆರೆಯುತ್ತವೆ.

ಆದ್ದರಿಂದ ಗದ್ದೆಬಯಲಿಗೆ ಹೋಗಲು ವರ್ಷದಲ್ಲಿ ಎರಡು ಬಾರಿ ನಾಟಿಯ ಹೊತ್ತು: ಒಂದು ಆಗಸ್ಟಿನಲ್ಲಿ, ಇನ್ನೊಂದು ಜನವರಿ ಕೊನೆ, ಫೆಬ್ರುವರಿ ಆರಂಭದಲ್ಲಿ. ಎರಡನೆಯದು ಚಿನ್ನದಂಥ ಸಮಯ, ಯಾಕೆಂದರೆ ವಲಸೆ ಹಕ್ಕಿ ಇರುವಾಗಲೇ ಹೊಸ ಕೆಸರು ಸಿಗುತ್ತದೆ. ದೇವರಬೆಳಕೆರೆ, ಮಲೇಬೆನ್ನೂರು ಕಡೆಯ ನಾಲೆ ದಾರಿಯಲ್ಲಿ ಬೈಕಿನಲ್ಲಿ ನಿಧಾನವಾಗಿ ಹೋದರೆ ಸಾಕು. ಬದು ಹತ್ತುವ ಮುಂಚೆ ಗದ್ದೆಯವರನ್ನು ಒಂದು ಮಾತು ಕೇಳಿ. ನಾಟಿ ಮಾಡಿದ ಗದ್ದೆಗೆ ಕಾಲಿಟ್ಟರೆ ಬೈಯುತ್ತಾರೆ, ಬೈಯಬೇಕು ಕೂಡ. ಔಷಧಿ ಹೊಡೆದ ವಾಸನೆ ಮೂಗಿಗೆ ಬಡಿದರೆ ಆ ದಿನ ಆ ಕಡೆ ಬಿಡಿ.

ನಾಲೆಯ ಇನ್ನೊಂದು ತುದಿಯ ಸಂಗತಿಯನ್ನೂ ಇಲ್ಲೇ ಹೇಳಬೇಕು. ನಮ್ಮ ಬೇಸಿಗೆ ಭತ್ತಕ್ಕೆ ನೀರು ಬಿಟ್ಟಷ್ಟೂ ಲಕ್ಕವಳ್ಳಿಯಲ್ಲಿ ಮಟ್ಟ ಇಳಿಯುತ್ತದೆ. ಇಳಿದಾಗ ಹಿನ್ನೀರಿನ ನಡುವಿನ ನಡುಗಡ್ಡೆಗಳು ಮೇಲೇಳುತ್ತವೆ. ಆ ಬೋಳು ನೆಲದ ಮೇಲೆ ಹೊಳೆ ರೀವಗಳು ಸಾವಿರಗಟ್ಟಲೆ ನೆರೆದು ಮೊಟ್ಟೆಯಿಡುತ್ತವೆ. ಸುತ್ತ ನೀರಿರುವುದರಿಂದ ನರಿ, ನಾಯಿಗಳ ಕಾಟವಿಲ್ಲ. ಮಳೆಗಾಲದಲ್ಲಿ ಜಲಾಶಯ ಮತ್ತೆ ತುಂಬುವ ಮೊದಲೇ ಮರಿಗಳು ಹಾರಬೇಕು. ಹರಿಹರದ ಸೇತುವೆಯ ಕೆಳಗೆ ಬೇಸಿಗೆಯಲ್ಲಿ ಹಳದಿ ಕೊಕ್ಕಿನ, ಕರಿಟೋಪಿಯ, ಕತ್ತರಿಬಾಲದ ಹಕ್ಕಿ ನೀರಿಗೆ ಧುಮುಕುವುದನ್ನು ಕಂಡರೆ ಅದು ಈ ರೀವವೇ. ಹೊಳೆಯ ಮರಳುದಿಬ್ಬದ ಮೇಲೂ ಅದು ಬಯಲಲ್ಲೇ ಮೊಟ್ಟೆಯಿಡುತ್ತದೆ. ಮರಳಿನ ಲಾರಿ ಹೋದಲ್ಲಿ ಅದು ಉಳಿಯುವುದಿಲ್ಲ.

ಕಾಡಿನ ವರ್ಷ

ಕೊಂಡಜ್ಜಿಯ ಕಾಡನ್ನೂ ರಂಗಯ್ಯನದುರ್ಗದ ಕಾಡನ್ನೂ ಮಲೆನಾಡಿನ ಕಣ್ಣಿನಿಂದ ನೋಡಿದರೆ ನಿರಾಸೆಯೇ. ಇದು ಎಲೆ ಉದುರಿಸುವ, ಮುಳ್ಳು ಬೆಳೆಸುವ ಕಾಡು. ಕಮರ, ದಿಂಡಿಗ, ತುಗ್ಗಲಿ, ಕಗ್ಗಲಿ, ಮುತ್ತುಗ. ಕೆಳಗೆ ಕಾರೆ, ಕವಳೆ, ಬಂದರಿಕೆ, ತಂಗಡಿ. ನೀರಿಲ್ಲದ ಆರು ತಿಂಗಳು ಬದುಕಲು ಮರ ಎಲೆಯನ್ನೇ ಬಿಟ್ಟುಕೊಡುತ್ತದೆ. ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದ ಕಾರಣ ಕೊಂಡಜ್ಜಿಯ ಹೆಸರು ಮಕ್ಕಳಿಗೆ ಗೊತ್ತೇ ಇರುತ್ತದೆ. ಅವರನ್ನು ಕರೆದೊಯ್ಯುವುದಾದರೆ ಕೆರೆದಂಡೆ, ರಸ್ತೆಬದಿ ಸಾಕು. ಮೀಸಲು ಅರಣ್ಯದ ಒಳಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು.

ರಂಗಯ್ಯನದುರ್ಗದ್ದು ಇನ್ನೂ ಬಿಗಿ. ಸುಮಾರು 77 ಚದರ ಕಿಲೋಮೀಟರಿನ ಈ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದ್ದು ಕೊಂಡುಕುರಿಗಾಗಿ. ನಾಲ್ಕು ಕೊಂಬಿರುವ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ. ಕೊಂಬು ಗಂಡಿಗೆ ಮಾತ್ರ, ಮುಂದಿನ ಜೋಡಿ ಗಿಡ್ಡ, ಹಿಂದಿನದು ಉದ್ದ. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಇಪ್ಪತ್ತು ಕಿಲೋ ತೂಗುವ, ಎರಡಡಿ ಎತ್ತರದ ಈ ಪ್ರಾಣಿ ಜಿಂಕೆಯ ಹಾಗೆ ಹಿಂಡಾಗಿ ತಿರುಗುವುದಿಲ್ಲ. ಒಂಟಿ, ಇಲ್ಲವೇ ಜೋಡಿ. ಸಪ್ಪಳವಾದರೆ ಓಡುವ ಮುಂಚೆ ಹುಲ್ಲಿನಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಹಾಗಾಗಿ ಪಕ್ಕದಲ್ಲೇ ಹಾದುಹೋದವರಿಗೂ ಕಾಣುವುದಿಲ್ಲ. ಇದೆ ಎಂದು ತಿಳಿಯುವುದು ಹಿಕ್ಕೆಯಿಂದ: ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಾಕುವ ಅಭ್ಯಾಸ ಅದಕ್ಕೆ, ಹಳೆಯದರ ಮೇಲೆ ಹೊಸದು ಸೇರಿ ಗುಡ್ಡೆಯಾಗಿರುತ್ತದೆ. ಮಳೆಗಾಲದಲ್ಲಿ ಜೊತೆಗೂಡಿ, ಸುಮಾರು ಎಂಟು ತಿಂಗಳ ಮೇಲೆ ಒಂದೋ ಎರಡೋ ಮರಿ ಹಾಕುತ್ತದೆ. ಮರಿ ಹುಟ್ಟುವುದು ಬಹುಪಾಲು ಜನವರಿ, ಫೆಬ್ರುವರಿಯ ಸುಮಾರಿಗೆ.

ಯಾವಾಗ ಹೋಗಬೇಕೆಂಬ ಪ್ರಶ್ನೆ ಇಲ್ಲಿ ಸ್ವಲ್ಪ ಇಕ್ಕಟ್ಟಿನದು. ಏಪ್ರಿಲಿನಲ್ಲಿ ಎಲೆಯಿಲ್ಲ, ಕಣ್ಣು ದೂರ ಹಾಯುತ್ತದೆ, ಪ್ರಾಣಿ ನೀರಿಗೆ ಬಂದೇ ಬರುತ್ತದೆ. ನೋಡುವವರ ಲೆಕ್ಕಕ್ಕೆ ಅದೇ ಒಳ್ಳೆಯದು. ಆದರೆ ಕೊಂಡುಕುರಿ ದಿನಾ ನೀರು ಕುಡಿಯಬೇಕಾದ ಪ್ರಾಣಿ. ಉಳಿದಿರುವ ಒಂದು ಗುಂಡಿಯ ದಂಡೆಯಲ್ಲಿ ನಾವು ಕ್ಯಾಮೆರಾ ಹಿಡಿದು ಕೂತರೆ ಅದು ಬಾಯಾರಿಯೇ ಹಿಂದಿರುಗುತ್ತದೆ, ಮರಿಯ ತಾಯಿಯಾದರೆ ಹಾಲೂ ಕಡಿಮೆಯಾಗುತ್ತದೆ. ನನ್ನ ಮಾತು ಕೇಳುವುದಾದರೆ ನವೆಂಬರ್, ಡಿಸೆಂಬರಿನಲ್ಲಿ ಹೋಗಿ. ಹಳ್ಳದಲ್ಲಿ ಅಲ್ಲಲ್ಲಿ ನೀರಿರುತ್ತದೆ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ಬೆಳಗಿನ ಚಳಿಯಲ್ಲಿ ನಡೆಯಲು ಹಿತ. ಕೊಂಡುಕುರಿ ಕಾಣದಿದ್ದರೂ ಕಾಡು ಕಾಣುತ್ತದೆ.

ಈ ಕಾಡಿನಲ್ಲಿ ಕರಡಿ, ಚಿರತೆ ಇವೆ. ಚಿರತೆ ನಿಮ್ಮನ್ನು ತಪ್ಪಿಸಿಕೊಂಡು ಹೋಗುತ್ತದೆ, ಹುಷಾರಾಗಿರಬೇಕಾದ್ದು ಕರಡಿಗೆ. ಅದಕ್ಕೆ ದೃಷ್ಟಿ ಮಂದ, ಹುತ್ತ ಕೆದರುವಾಗ ಸುತ್ತಲ ಅರಿವು ಇನ್ನೂ ಮಂದ, ಹತ್ತಿರದಲ್ಲಿ ಬೆಚ್ಚಿಬಿದ್ದರೆ ನೇರ ಮೈಮೇಲೆ ಬರುತ್ತದೆ. ಬಾರೆಹಣ್ಣು ಉದುರುವ ಚಳಿಗಾಲದಲ್ಲಿ ಪೊದೆಗಳ ನಡುವೆ, ಮುಂಜಾನೆ, ಮುಸ್ಸಂಜೆ ಒಬ್ಬರೇ ಸದ್ದಿಲ್ಲದೆ ನಡೆಯುವುದು ಬೇಡ. ಕಾಡಿನಲ್ಲಿ ಮೌನವಾಗಿರಿ ಎಂಬ ಸಾಮಾನ್ಯ ಉಪದೇಶವನ್ನು ಕರಡಿ ಇರುವಲ್ಲಿ ಪೂರ್ತಿ ಪಾಲಿಸಬಾರದು. ಇಲಾಖೆಯ ಕಾವಲುಗಾರರು ಜೊತೆಗಿದ್ದರೆ ಅವರು ಮಾಡಿದಂತೆ ಮಾಡಿ.

ಸಂಕ್ರಾಂತಿ ಕಳೆದು ಶಿವರಾತ್ರಿಯ ಹೊತ್ತಿಗೆ ಮುತ್ತುಗ ಕೆಂಪಾಗುತ್ತದೆ, ಬೂರುಗವೂ ಹೂ ಬಿಡುತ್ತದೆ. ಎಲೆಯಿಲ್ಲದ ಮರದ ತುಂಬ ಹೂ ಎಂದರೆ ಕಾಡಿನ ಹಕ್ಕಿ ನೋಡಲು ಇದಕ್ಕಿಂತ ಅನುಕೂಲವಿಲ್ಲ: ಮಕರಂದಕ್ಕೆ ಮೈನಾ, ಗಿಳಿ, ಕಾಜಾಣ, ಸೂರಕ್ಕಿ ಎಲ್ಲ ಒಂದೇ ಮರಕ್ಕೆ ಬರುತ್ತವೆ. ನೀವು ದೂರದಲ್ಲಿ ಕುಳಿತರೆ ಸಾಕು. ವಾಪಸ್ ಹೊರಟ ಗುಲಾಬಿ ಕಬ್ಬಕ್ಕಿಗಳ ಹಿಂಡೂ ಈ ಹೂವಿಗೆ ಇಳಿಯುತ್ತದೆ. ಉಗಾದಿ ದಾಟಿದರೆ ಕಕ್ಕೆಯ ಹಳದಿ ಗೊಂಚಲು. ಮೇ ತಿಂಗಳ ಮೊದಲ ಮಳೆಯ ಸಂಜೆ ಹುತ್ತದಿಂದ ರೆಕ್ಕೆಗೆದ್ದಲು ಎದ್ದರೆ, ಕಾಗೆಯಿಂದ ಕರಡಿಯವರೆಗೆ ಎಲ್ಲರಿಗೂ ಹಬ್ಬ.

ಫೆಬ್ರುವರಿಯಿಂದ ಏಪ್ರಿಲ್ ತನಕ ಬೆಂಕಿಯ ಕಾಲವೂ ಹೌದು. ಹೊಸ ಹುಲ್ಲು ಚಿಗುರಲಿ ಎಂದು ಇಟ್ಟದ್ದೋ, ಬೀಡಿಯ ತುಂಡೋ, ಒಮ್ಮೆ ಹೊತ್ತಿದರೆ ಗಾಳಿಗೆ ಗುಡ್ಡ ಏರುವುದು ನಿಮಿಷಗಳ ಕೆಲಸ. ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿ, ನಕ್ಷತ್ರ ಆಮೆ, ಆ ವರ್ಷ ಮೊಳೆತ ಸಸಿ ಯಾವುದೂ ಉಳಿಯುವುದಿಲ್ಲ. ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಗುಡ್ಡದ ಗುರುತು ಹೇಳಿ. ನೀವೇ ಆರಿಸಲು ಮೇಲೆ ಹತ್ತಬೇಡಿ.

ಕಾಡಿಗೆ ಬೆಂಕಿಯಾದರೆ ಬೇಸಿಗೆಯ ಕೆರೆಗೆ ಬೇರೆಯದೇ ಸಂಕಟ: ಬೆಳಿಗ್ಗೆ ಹೋದಾಗ ಸತ್ತ ಮೀನು ತೇಲುತ್ತಿದ್ದರೆ ಯಾರೋ ವಿಷ ಹಾಕಿದರೆಂದು ತಕ್ಷಣ ತೀರ್ಮಾನಿಸಬೇಕಾಗಿಲ್ಲ. ಚರಂಡಿ ನೀರು ಸೇರಿದ ಕೆರೆಯಲ್ಲಿ ಪಾಚಿ ವಿಪರೀತ ಬೆಳೆಯುತ್ತದೆ. ಹಗಲಲ್ಲಿ ಅದು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಹೀರುತ್ತದೆ. ಬಿಸಿನೀರು ಆಮ್ಲಜನಕ ಹಿಡಿದಿಟ್ಟುಕೊಳ್ಳುವುದೂ ಕಡಿಮೆ. ಬೆಳಗಿನ ಜಾವದ ಹೊತ್ತಿಗೆ ಮೀನಿಗೆ ಉಸಿರು ಸಾಲುವುದಿಲ್ಲ. ವಿಷವಲ್ಲದಿದ್ದರೂ ತಪ್ಪು ನಮ್ಮ ಚರಂಡಿಯದೇ ಎನ್ನುವುದು ಬೇರೆ ಮಾತು.

ಹೊರಡುವ ಮುಂಚೆ

ವನ್ಯಜೀವಿ ಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತಪ್ಪು. ಅದೇ ಕಾಯ್ದೆ ಫೋಟೋ, ಅಧ್ಯಯನ, ಪ್ರವಾಸಕ್ಕೆ ಅನುಮತಿ ಕೊಡಲು ಅವಕಾಶವನ್ನೂ ಇಟ್ಟಿದೆ. ದಾವಣಗೆರೆಯ ಅರಣ್ಯ ವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಬರಹದಲ್ಲಿ ಕೇಳಿಕೊಳ್ಳಿ; ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ನಿಂತು ವಾದ ಮಾಡಿ ಪ್ರಯೋಜನವಿಲ್ಲ. ಮಕ್ಕಳಿಗೆ ಪ್ರಾಣಿ ತೋರಿಸಿಯೇ ತೀರಬೇಕೆಂದರೆ ಆನಗೋಡಿನ ಕಿರು ಮೃಗಾಲಯಕ್ಕೆ ಹೋಗಿ, ಕಾಡಿಗೆ ಆ ಹಟ ತರಬೇಡಿ. ಬಯಲು ಪ್ರಾಣಿ ಬೇಕೆಂದರೆ ರಾಣೆಬೆನ್ನೂರು: 1974ರಿಂದ ಧಾಮವಾಗಿರುವ 119 ಚದರ ಕಿಲೋಮೀಟರಿನಲ್ಲಿ ಚಿಗರಿಗಳ, ಅಂದರೆ ಕೃಷ್ಣಮೃಗಗಳ ಹಿಂಡು ಚಳಿಗಾಲದ ಬೆಳಿಗ್ಗೆ ಹೊಲದಂಚಿನಲ್ಲೇ ಸಿಗುತ್ತದೆ. ಒಂದು ಕಾಲಕ್ಕೆ ಎರೆಭೂತವೆಂಬ ದೊಡ್ಡ ಹಕ್ಕಿಯೂ ಇದ್ದ ಹುಲ್ಲುಗಾವಲು ಅದು. ಹುಲ್ಲುಗಾವಲನ್ನು ಬಂಜರೆಂದುಕೊಂಡು ನೀಲಗಿರಿ ನೆಟ್ಟದ್ದರ ಫಲ ಇವತ್ತಿಗೂ ಕಣ್ಣೆದುರಿಗಿದೆ.

ಸಾಮಾನು ಹೆಚ್ಚು ಬೇಡ. 8x42 ಎಂದು ಬರೆದ ಬೈನಾಕ್ಯುಲರ್ ಸಾಕು. ಎಂಟು ಪಟ್ಟು ಹತ್ತಿರ ತರುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಇರುವುದರಿಂದ ಮಬ್ಬು ಬೆಳಕಲ್ಲೂ ಕಾಣುತ್ತದೆ. ಹನ್ನೆರಡು, ಹದಿನಾರು ಪಟ್ಟಿನದು ಕೊಂಡರೆ ಕೈ ನಡುಗಿದಷ್ಟೂ ಹಕ್ಕಿ ನಡುಗುತ್ತದೆ. ಮಾಸಲು ಬಣ್ಣದ ಬಟ್ಟೆ, ಕಾಲುಮುಚ್ಚುವ ಬೂಟು. ಹುಲ್ಲಿನಲ್ಲಿ ಉಣ್ಣೆ, ಕಲ್ಲಿನ ಸಂದಿಯಲ್ಲಿ ಮಂಡಲದ ಹಾವು ಇರುತ್ತವೆ. ಹಿಂಡನ್ನು ಹಾರಿಸಿ ಫೋಟೋ ತೆಗೆಯುವ ಚಟ ಬಿಡಬೇಕು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಬಾತು ಮತ್ತೆ ಹಿಂದಿರುಗಲು ಕೊಬ್ಬು ಕೂಡಿಸುತ್ತಿರುತ್ತದೆ. ಒಂದೊಂದು ಸಲ ಎಬ್ಬಿಸಿದಾಗಲೂ ಆ ಗಂಟಿನಿಂದ ಒಂದಿಷ್ಟು ಖರ್ಚಾಗುತ್ತದೆ.

ಕಂಡದ್ದನ್ನು ಬರೆದಿಡಿ: ತಾರೀಖು, ಹೊತ್ತು, ನೀರಿನ ಮಟ್ಟ, ಎಷ್ಟು ಹಕ್ಕಿ. ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕಿದರೆ ಇನ್ನೂ ಒಳ್ಳೆಯದು. ಜನವರಿಯಲ್ಲಿ ಏಷ್ಯಾದುದ್ದಕ್ಕೂ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಿದೆ, ಅದಕ್ಕೂ ಕೈಜೋಡಿಸಬಹುದು. ಇಂಥ ಎಣಿಕೆಗಳ ಬೆಲೆ ತಿಳಿಯಬೇಕಾದರೆ ಹರಪನಹಳ್ಳಿ ದಾಟಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಒಮ್ಮೆ ಹೋಗಿಬನ್ನಿ. ದಾವಣಗೆರೆಯಿಂದ ನೂರು ಕಿಲೋಮೀಟರಿನ ಆಸುಪಾಸು. ನಮ್ಮ ಕೆರೆಗಳ ಹಾಗೇ ಹೊಲಕ್ಕೆ ನೀರುಣಿಸಲೆಂದು ಶತಮಾನಗಳ ಹಿಂದೆ ಕಟ್ಟಿದ, ನೂರು ಹೆಕ್ಟೇರೂ ಇಲ್ಲದ ಊರ ಕೆರೆ ಅದು. ಅಂಗಳದಲ್ಲಿ ನಿಂತ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಅವುಗಳ ಎಣಿಕೆ, ದಾಖಲೆಗಳ ಬಲದಿಂದ ಅದು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳ ಜೊತೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೋಗುವುದಾದರೆ ನವೆಂಬರಿನಿಂದ ಮಾರ್ಚಿನೊಳಗೆ, ಹಿಂದಿನ ರಾತ್ರಿ ಹೊಸಪೇಟೆಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಉಳಿದುಕೊಂಡು, ಬೆಳಕು ಹರಿಯುವ ಹೊತ್ತಿಗೆ ಕೆರೆಯ ಪೂರ್ವದ ದಡದಲ್ಲಿರಿ.